ಟಿವಿ ಹುಡುಗಿಗೆ ಕುಬಸ ಮಾಡಿದ ಖಾಲಾ

ಕರೂರಿನ ಆ ಮನೆಗೆ ನಾನು ಹೋದದ್ದು ಅಳುವುದಕ್ಕೆಂದೇ. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದಾಗಿನಿಂದ ಕಣ್ಣು ಒದ್ದೆಯಾಗುತ್ತಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು "ಯಾರು ಹೋದ್ರವ್ವ?" ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಒಂದು ಯಾಲಕ್ಕಿ ಕೊಟ್ಟಿದ್ದಳು. ನಮ್ಮ ಓಣಿಯ ಖಾಲಾ ತಮ್ಮ ತವರಿನಲ್ಲಿ ತೀರಿಕೊಂಡು ಮೂರನೆಯ ದಿನ, ಜಿಯಾರತ್ತಿನ ಪ್ರಾರ್ಥನೆ. ಗಂಡಸರು ಹೊರಗೆ ಚಾಪೆಯ ಮೇಲೆ ಕೂತು ಕುರಾನ್ ಓದುತ್ತಿದ್ದರು. ಹೆಂಗಸರೆಲ್ಲ ಒಳಕೋಣೆಯಲ್ಲಿದ್ದರು. ಪರದೆ ಸರಿಸಿ ಕಾಲಿಟ್ಟರೆ ಒಳಗೆ ಜಗಳ ನಡೆದಿತ್ತು.

"ಆಕಿ ಗಂಡ ದುಬೈಲಿಂದ ವಾಪಸ್ ಬಂದ. ನನ್ನ ಕೈಗೆ ಬಳಿ ಇಡಸ್ತಾ ಖಾಲಾನ ಹೇಳ್ಯಾರ" ಎನ್ನುತ್ತಿದ್ದಳು ಕುರುಗೋಡಿನಿಂದ ಬಂದ ಒಬ್ಬಳು.

"ಗಂಡ ಎಲ್ಲಿ ಬಂದ? ಬಂದಾಂವ ಅವನ ತಮ್ಮ. ಗಂಡನಂಗ ಕಾಣ್ತಾನ ಅಷ್ಟ" ಎಂದಳು ಕರೂರಿನವಳು.

"ಇಬ್ರೂ ಬರ್ಲಿಲ್ಲ ಬಿಡ್ರಿ. ಆಕಿನ ಇಮಾನ ಹತ್ತಿ ಹುಡುಕ್ಕೊಂಡು ಹೋದ್ಳು. ನನ್ನ ಮಗಳ ಮದುವಿ ಬಳಿ ಇಡಸಾಕ ಬಂದಾಗ ಹೇಳಿದ್ರು" ಎಂದು ಮೂರನೆಯವಳು ಮಾತು ಮುಗಿಸಿಬಿಟ್ಟಳು.

ಜಗಳ ಯಾವುದೋ ಹಳೆಯ ಸೀರಿಯಲ್ಲಿನ ಸೊಸೆಯ ಬಗ್ಗೆ. ಆ ಮೂವರಲ್ಲಿ ಒಬ್ಬಳೂ ಅದನ್ನು ಕಣ್ಣಾರೆ ನೋಡಿದವಳಲ್ಲ. ಮೂವರಿಗೂ ಕಥೆ ಹೇಳಿದವರು ಖಾಲಾ, ಒಬ್ಬೊಬ್ಬರಿಗೂ ಬೇಕಾದ ಹಾಗೆ. ನನಗೆ ತಡೆಯಲಾರದಷ್ಟು ನಗು ಬಂತು. ಮೂಲೆಯಲ್ಲಿದ್ದ ಖಾಲಾ ಅವರ ಮಗಳು ನನ್ನ ಮುಖ ನೋಡಿ ತಾನೂ ನಕ್ಕಳು, ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತೆವು. ಹೀಗಾಗಿ, ಸತ್ತವರ ಬಗ್ಗೆ ಬರೆಯುವಾಗ ಇರಬೇಕಾದ ಗಾಂಭೀರ್ಯ ಇಲ್ಲಿ ಕಡಿಮೆಯಾದರೆ ನನ್ನನ್ನು ಬೈಯಬೇಡಿ, ಅವರನ್ನೇ ಬೈಯಿರಿ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಲಿಲ್ಲ. ಖಾಲಾ ಎಂದರೆ ಅವರಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ಆ ಲೆಕ್ಕದಲ್ಲಿ ಬಳ್ಳಾರಿಯ ಗಾಂಧಿನಗರದ ಹಿಂದಿನ ನಮ್ಮ ಓಣಿಯ ತಾಯಂದಿರೆಲ್ಲ ಅವರಿಗೆ ಒಡಹುಟ್ಟಿದವರು. ಗಂಡನದು ಬಜಾರಿನಲ್ಲಿ ಒಂದು ಸಣ್ಣ ಬಳೆ ಅಂಗಡಿ. ಆತ ಬಹಳ ಕಡಿಮೆ ಮಾತಿನ ಮನುಷ್ಯ, ಆ ಮನೆಯಲ್ಲಿ ಮಾತಿಗೆ ಜಾಗವಿದ್ದದ್ದೂ ಅಷ್ಟೇ. ಖಾಲಾ ಮಾತ್ರ ಅಂಗಡಿಯಲ್ಲಿ ಕೂರುವವರಲ್ಲ. ದಾರಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೇರಿಸಿ ಬೆಳಗಿನ ಬಸ್ಸಿಗೆ ಕುರುಗೋಡು, ಸಿರುಗುಪ್ಪ, ಕೊಳಗಲ್ಲು, ತಮ್ಮ ತವರಾದ ಕರೂರು ಎಂದು ಊರೂರು ತಿರುಗುವರು. ಸಂಜೆ ಸೀರಿಯಲ್ ಶುರುವಾಗುವ ಹೊತ್ತಿಗೆ ಮನೆ ಸೇರುವರು.

ಅವರು ಮಾರುತ್ತಿದ್ದದ್ದು ಬಳೆಯೋ ಕಥೆಯೋ ಎಂದು ನಾನು ಒಮ್ಮೆ ಛೇಡಿಸಿದ್ದೆ. ಅವರು ಸಿಟ್ಟಾಗಲಿಲ್ಲ. ನನ್ನ ಕೈ ಎಳೆದುಕೊಂಡು ತೋರಿಸಿಯೇಬಿಟ್ಟರು. ಬಳೆ ಇಡಿಸುವಾಗ ಕಷ್ಟವಾಗುವುದು ಬೆರಳಿನ ಗೆಣ್ಣು ದಾಟಿಸುವಾಗ. ಕೈ ಬಿಗಿಯಾದರೆ ನೋವಾಗುತ್ತದೆ, ಬಳೆಯೂ ಉಳಿಯುವುದಿಲ್ಲ. "ಕೈ ಸಡ್ಲ ಬಿಡವ್ವ ಅಂದ್ರ ಯಾರೂ ಬಿಡಂಗಿಲ್ಲ ಬೇಟಿ, ಇನ್ನಾ ಬಿಗಿ ಹಿಡೀತಾರ. ಕಥಿ ಚಾಲೂ ಮಾಡು. ಸೊಸಿ ಬಾಗ್ಲಾಗ ನಿಂತಾಳ, ಒಳಗ ಅತ್ತಿ ಯಾರ ಕೂಡೋ ಪಿಸಿಪಿಸಿ ಮಾತಾಡಾಕ ಹತ್ಯಾಳ, ಏನಂತ ಮಾತಾಡ್ತಾಳ ಗೊತ್ತೈತೇನು?" "ಏನಂತ?" ಎಂದು ನಾನು ಬಾಯಿ ತೆರೆದೆ. ಬಳೆ ಮಣಿಕಟ್ಟಿಗೆ ಬಂದಾಗಿತ್ತು.

ಕೊನೆಯ ಬಳೆ ಕೈಗೆ ಬಂದ ಕೂಡಲೇ ಕಥೆಯೂ ನಿಲ್ಲುತ್ತಿತ್ತು. ಮುಂದೇನಾಯಿತು ಎಂದು ಎಷ್ಟು ಗೋಗರೆದರೂ ಇಲ್ಲ. ಕರೆಂಟಿನ ಕಾಟದಿಂದ ಸೀರಿಯಲ್ ತಪ್ಪಿಸಿಕೊಂಡ ಹಳ್ಳಿಯ ಹೆಂಗಸರು ಖಾಲಾ ಬರುವ ದಿನ ಕಾಯುತ್ತಿದ್ದರು. ಬಸ್ಸು ಕೆಟ್ಟು ತಾವೇ ಸೀರಿಯಲ್ ತಪ್ಪಿಸಿಕೊಂಡ ದಿನ ಖಾಲಾ ಹೆದರುತ್ತಿರಲಿಲ್ಲ, ಅವತ್ತಿನ ಕಂತನ್ನು ತಾವೇ ಕಟ್ಟಿ ಹೇಳುತ್ತಿದ್ದರು. ಮುಂದೆ ಟಿವಿಯಲ್ಲಿ ಕಥೆ ಬೇರೆ ದಾರಿ ಹಿಡಿದರೆ ನಮಗೆ ಪೇಚು, ಅವರಿಗಲ್ಲ. "ಟಿವಿಯೋರಿಗೆ ದಾರಿ ತಪ್ಪೈತಿ, ತಿರುಗಿ ಬರ್ತಾರ ತಗೋ" ಎನ್ನುವರು. ಆಶ್ಚರ್ಯವೆಂದರೆ ಎಷ್ಟೋ ಸಲ ಟಿವಿಯವರು ತಿರುಗಿ ಬರುತ್ತಲೂ ಇದ್ದರು.

ಒಂದು ನೇಮ ಮಾತ್ರ ಇತ್ತು. ಎದುರಿಗೆ ಬಸುರಿ ಕೂತಿದ್ದರೆ ಕಥೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಹಿಂದಿನ ದಿನ ಟಿವಿಯಲ್ಲಿ ಹೆಣ ಎತ್ತಿದ್ದನ್ನು ನಾವೆಲ್ಲ ನೋಡಿ ಬಂದಿದ್ದರೂ, ಬಸುರಿಯ ಮುಂದೆ ಅದೇ ಮನುಷ್ಯ ಎದ್ದು ಕೂತು ಗಂಜಿ ಕುಡಿಯುತ್ತಿದ್ದ.

ಸಿನಿಮಾಕ್ಕೂ ಅವರನ್ನು ಕರೆದುಕೊಂಡು ಹೋಗಿದ್ದೇನೆ. ಮತ್ತೆ ಹೋಗಬಾರದೆಂದು ಪ್ರತಿ ಸಲ ಆಣೆ ಮಾಡಿ ಮತ್ತೆ ಹೋಗಿದ್ದೇನೆ. ತೆಲುಗು ಸಿನಿಮಾ ಆಗಲಿ ಕನ್ನಡದ್ದಾಗಲಿ, ವಿಲನ್‌ನನ್ನು ಬೈಯುವುದು ತೆಲುಗಿನಲ್ಲಿ, ನಾಯಕಿಗೆ ದುವಾ ಮಾಡುವುದು ಉರ್ದುವಿನಲ್ಲಿ, ಬುದ್ಧಿ ಹೇಳುವುದು ಕನ್ನಡದಲ್ಲಿ. ಮೂರೂ ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರೆ, "ಏನ್ ನೋಡ್ತೀರಿ? ಆಕಿ ಹಿಂದ ಚಾಕು ಹಿಡ್ಕೊಂಡು ನಿಂತಾನ, ಹೇಳೂದು ಬ್ಯಾಡೇನು?" ಎನ್ನುವರು. ತಿರುಗಿ ನೋಡಿದವರು ಮತ್ತೆ ಪರದೆಯ ಕಡೆ ತಿರುಗುವರು.

ಅದು ಗಣಿಯ ಕಾಲ. ಊರಿಗೆ ಊರೇ ಕೆಂಪಾಗಿತ್ತು. ನನ್ನ ಗಂಡ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ಮನೆಗೆ ಬಂದರೆ ಮೊದಲು ಎರಡು ಕಣ್ಣು ಕಾಣುತ್ತಿದ್ದವು, ಸ್ನಾನವಾದ ಮೇಲೆ ಗಂಡ ಕಾಣುತ್ತಿದ್ದ. ಡ್ರೈವರುಗಳ ಮನೆಗಳಿಗೆಲ್ಲ ಹೊಸ ಟಿವಿ ಬಂದಿತ್ತು. ಮೊದಲೆಲ್ಲ ಸೀರಿಯಲ್ಲಿನ ಅರಮನೆಯಂಥ ಮನೆಗಳನ್ನು ನೋಡಿ, ಇವೆಲ್ಲ ಸುಳ್ಳು, ಇಷ್ಟು ದೊಡ್ಡ ಮೆಟ್ಟಿಲು ಯಾರ ಮನೆಯಲ್ಲಿರುತ್ತದೆ ಎಂದು ನಾವು ನಗುತ್ತಿದ್ದೆವು. ನೋಡನೋಡುತ್ತ ಬಳ್ಳಾರಿಯಲ್ಲೇ ಅಂಥ ಮೆಟ್ಟಿಲಿನ ಮನೆಗಳು ಎದ್ದವು. ತಲೆಯ ಮೇಲೆ ಹೆಲಿಕಾಪ್ಟರು ಹಾರಿದಾಗ ಓಣಿಯೆಲ್ಲ ಹೊರಗೆ ಬಂದು ಕತ್ತೆತ್ತಿ ನಿಂತಿದ್ದರೆ ಖಾಲಾ ಒಬ್ಬರೇ ಗೋಧಿ ಆರಿಸುತ್ತ ಕೂತಿದ್ದರು. "ನೋಡ್ರಿ, ನಾನು ಹೇಳಿದ್ರ ನಗತಿದ್ರಿ. ಟಿವಿಯೊಳಗಿನ ಮಂದಿ ಈಗ ಹೊರಗ ಬರಾಕ ಹತ್ಯಾರ" ಎಂದರು.

ಟಿಪ್ಪರಿನ ಸರದಿ ಕಾಯುವಾಗ ಬೇಜಾರು ಕಳೆಯಲು ನನ್ನ ಗಂಡ ಮೊಬೈಲಿನಲ್ಲಿ ಹಾವಿನ ಆಟ ಕಲಿತಿದ್ದ. ಚುಕ್ಕಿ ತಿನ್ನುತ್ತ ಹೋಗುವ ಹಾವು ಉದ್ದವಾಗುತ್ತ ಹೋಗಿ ಕೊನೆಗೆ ತನ್ನ ಬಾಲಕ್ಕೇ ಬಡಿದು ಸಾಯುವ ಆಟ. ಖಾಲಾ ಅವನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಹಾವು ಸತ್ತಿತು. "ಪಾಪ, ಅದರದೇನು ತಪ್ಪು? ತಿನ್ನಾಕ ಹಾಕಿದಾಂವ ನೀನು" ಎಂದು ಅವನನ್ನು ಬೈದರು. ಮತ್ತೆ ಆಡಿದರೆ ಮತ್ತೆ ಸಾಯುತ್ತದಲ್ಲ ಎಂದು ಅವನ ಕೈಯಿಂದ ಮೊಬೈಲು ಕಿತ್ತುಕೊಂಡು ಅಕ್ಕಿ ಡಬ್ಬಿಯ ಮೇಲಿಟ್ಟರು. ಅವತ್ತಿನಿಂದ ಅವನು ಅವರೆದುರಿಗೆ ಆಡುವಾಗ ಹಾವಿಗೆ ಏನೂ ತಿನ್ನಿಸದೆ ಸುಮ್ಮನೆ ತಿರುಗಿಸುತ್ತಿದ್ದ.

ಈಗ ನನ್ನ ಸಂಗತಿ ಹೇಳಬೇಕು. ಅದಿಲ್ಲದೆ ಖಾಲಾ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ನನ್ನ ತವರು ಕೊಳಗಲ್ಲು, ಬಳ್ಳಾರಿಯಿಂದ ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಯೂ ಆಗದಷ್ಟು ಹತ್ತಿರ. ಜಾತಿಯ ಹೊರಗಿನ ಡ್ರೈವರನನ್ನು ಮೆಚ್ಚಿ ಮದುವೆಯಾದೆ. ಅಪ್ಪ ಹೊಡೆಯಲಿಲ್ಲ, ಕೂಗಾಡಲಿಲ್ಲ. "ಇವತ್ತಿನಿಂದ ಈ ಮನ್ಯಾಗ ಆಕಿ ಹೆಸರು ಯಾರೂ ಎತ್ತಬಾರದು" ಎಂದನಂತೆ. ಅಪ್ಪ ಆಡಿದ ಮಾತು ಬಿಡುವವನಲ್ಲ. ಅವ್ವ ಅದನ್ನು ಮೀರುವವಳಲ್ಲ. ಅಷ್ಟು ಹತ್ತಿರದ ಊರಿನಿಂದ ನನಗೆ ಒಂದು ಸುದ್ದಿಯೂ ಬರಲಿಲ್ಲ. ಖಾಲಾ ಮಾತ್ರ ಬಳೆ ವ್ಯಾಪಾರಕ್ಕೆ ಕೊಳಗಲ್ಲಿಗೆ ಹೋಗಿ ಬಂದ ದಿನ, ನಾನು ಕೇಳದಿದ್ದರೂ, "ನಿಮ್ಮವ್ವ ಚೊಲೊ ಅದಾರ. ಹಲ್ಲಿನ ಬ್ಯಾನಿ ಕಡಿಮಿ ಆಗೈತಿ" ಎಂದು ಹೇಳಿ ತಮ್ಮ ಮನೆಗೆ ಹೋಗುವರು.

ನಾನು ಬಸುರಿಯಾದೆ. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ತವರಿನಿಂದ ಹಸಿರು ಸೀರೆ, ಹಸಿರು ಕುಪ್ಪಸ, ಹಸಿರು ಬಳೆ ಬರಬೇಕು. ಮುತ್ತೈದೆಯರು ಉಡಿ ತುಂಬಿ ಆರತಿ ಎತ್ತಬೇಕು. ನನ್ನ ಗಂಡನಿಗೆ ತಾಯಿ ಇಲ್ಲ, ನನಗೆ ತಾಯಿ ಇದ್ದೂ ಇಲ್ಲ. "ನಾವೇ ಒಂದು ಸೀರೆ ತಂದರಾಯಿತು" ಎಂದ ಗಂಡ. ಅವನಿಗೆ ಗಂಡಸರ ಬುದ್ಧಿ. ತಾನೇ ತಂದುಕೊಂಡ ಸೀರೆ ಉಟ್ಟು ಕೂರುವುದಕ್ಕೆ ಕುಬಸ ಎನ್ನುತ್ತಾರೆಯೇ? ಬೇಡ ಎಂದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಅವ್ವ ಒಂದು ಸಲ ಬಂದು ನನ್ನ ಮುಖ ನೋಡಿದರೆ ಸಾಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಆಗ ನಾವೆಲ್ಲ ನೋಡುತ್ತಿದ್ದ ಸೀರಿಯಲ್ಲಿನ ಸೊಸೆಯೂ ಬಸುರಿ. ಟಿವಿಯಲ್ಲಿ ಬಸುರಿಗೆ ತಿಂಗಳ ಲೆಕ್ಕ ಇರುವುದಿಲ್ಲವಲ್ಲ, ನನಗಿಂತ ಎಷ್ಟೋ ಮೊದಲೇ ಬಸುರಿಯಾದವಳು ಇನ್ನೂ ಹಾಗೆಯೇ ಇದ್ದಳು. ಅವಳಿಗೂ ತವರಿನ ಆಸರೆ ಇಲ್ಲ, ಅತ್ತೆ ಕುಬಸ ಮಾಡಲು ಒಪ್ಪಲಿಲ್ಲ. ಅವಳು ಕಿಟಕಿಯ ಸರಳು ಹಿಡಿದು ಅತ್ತ ದಿನ ಖಾಲಾ ಟಿವಿ ಆರಿಸಿ ಎದ್ದು ನಿಂತರು. ಅವರ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದೆವು.

"ಟಿವಿಯೋರು ಮಾಡಂಗಿಲ್ಲಂದ್ರ ಬಿಡ್ಲಿ. ನಾವು ಮಾಡೂಣು ಈ ಹುಡುಗಿಗೆ ಕುಬಸ. ನಮ್ಮ ಓಣ್ಯಾಗ" ಎಂದರು.

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ನಗೂದೇನೈತಿ? ದಿನಾ ಸಂಜಿಕ ನಮ್ಮ ಮನಿಗೆ ಬರೂ ಹುಡುಗಿ ಆಕಿ. ನಿಮ್ಮ ನೆಂಟರು ಬರ್ತಾರೇನು ದಿನಾ?"

ದಿನಾ ಬರುವ ನೆಂಟರು ಯಾರಿಗೂ ಇರಲಿಲ್ಲ. ಒಬ್ಬಳು ಹೋಳಿಗೆ ತನ್ನದೆಂದಳು, ಇನ್ನೊಬ್ಬಳು ಬುತ್ತಿಯನ್ನ ತನ್ನದೆಂದಳು. ಹುಡುಗಾಟವೆಂದು ಶುರುವಾದದ್ದು ನಿಜದ ಕೆಲಸವಾಯಿತು. ಆಗ ಯಾರೋ ಕೇಳಿದರು, "ಎಲ್ಲಾ ಖರೆ ಖಾಲಾ, ಟಿವಿಗೆ ಬಳಿ ಹೆಂಗ ಇಡಸ್ತೀರಿ?"

"ಆಕಿ ಬದ್ಲಿ ಒಬ್ಬಾಕಿ ಕುರ್ಚಿ ಮ್ಯಾಲ ಕುಂದ್ರಬೇಕು. ಬಸುರಿನ ಆಗಬೇಕು, ಬ್ಯಾರೆಯೋರು ಕುಂತ್ರ ಶಾಸ್ತ್ರ ಆಗಂಗಿಲ್ಲ" ಎಂದು ಖಾಲಾ ಸುತ್ತ ನೋಡಿದರು, ಯಾರೆಂದು ಗೊತ್ತಿಲ್ಲದವರ ಹಾಗೆ. "ನೀನ ಕುಂದ್ರು ಬೇಟಿ. ಆಕಿ ಸಂಬಂಧ."

ನನಗೆ ಮೈಯೆಲ್ಲ ಉರಿಯಿತು. ನನ್ನ ಸಂಕಟ ಗೊತ್ತಿದ್ದೂ ಇವರು ನನ್ನನ್ನು ಯಾವುದೋ ಬಣ್ಣದ ಗೊಂಬೆಯ ಬದಲಿಗೆ ಕೂರಿಸುತ್ತಾರಲ್ಲ ಎನಿಸಿತು. ಆಗುವುದಿಲ್ಲ ಎಂದು ಎದ್ದು ಮನೆಗೆ ಬಂದೆ. ಖಾಲಾ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. "ನಾಳೆ ನಾನು ಕೊಳಗಲ್ಲಿಗೆ ಹೊಂಟೀನಿ. ಬಳಿ ಇಡಸಾಕ. ಕಥೀನೂ ಹೇಳ್ಬೇಕು" ಎಂದು ಅಷ್ಟೇ ಹೇಳಿದರು. ಅವರು ಹೋದ ಮೇಲೆ, ಕುರ್ಚಿಯಲ್ಲಿ ಕೂತರಾಯಿತು ಎಂದುಕೊಂಡೆ.

ಕೊಳಗಲ್ಲಿನಲ್ಲಿ ನಡೆದದ್ದನ್ನು ಅವ್ವ ನನಗೆ ಮುಂದೆ ಎಷ್ಟೋ ಸಲ ಹೇಳಿದ್ದಾಳೆ. ಖಾಲಾ ನಮ್ಮ ಮನೆಯ ಕಟ್ಟೆಯ ಮೇಲೆ ಮಲಾರ ಇಳಿಸಿ, ಓಣಿಯವರಿಗೆಲ್ಲ ಕೇಳುವ ಹಾಗೆ, ಬಳ್ಳಾರಿಯಲ್ಲಿ ಶುಕ್ರವಾರ ಟಿವಿ ಹುಡುಗಿಗೆ ಕುಬಸವಿದೆ, ನೋಡಬೇಕೆಂದವರು ಬರಬಹುದು ಎಂದು ಹೇಳಿದರು. ಅವ್ವನ ಕೈ ಹಿಡಿದು ಬಳೆ ಇಡಿಸುತ್ತ, "ಪಾಪ, ತವರಿನೋರು ಬಂದಿಲ್ರಿ ಆಕಿಗೆ. ದಿನಾ ಅಳ್ತೈತಿ ಹುಡುಗಿ" ಎಂದರು. ಯಾವ ಹುಡುಗಿಯೆಂದು ಅವ್ವನಿಗೆ ಅಷ್ಟಕ್ಕೇ ತಿಳಿಯಿತಂತೆ. ಅಪ್ಪ ಅಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದ.

"ಹುಚ್ಚರು ಅದಾರ ಬಳ್ಳಾರಿ ಮಂದಿ" ಎಂದನಂತೆ ಅಪ್ಪ.

"ನಾನೂ ಹೋಗಿ ನೋಡ್ಕೊಂಡು ಬರ್ಲೇನು, ಟಿವಿ ಹುಡುಗಿ ಕುಬಸ?" ಎಂದು ಅವ್ವ ಹೆದರುತ್ತ ಕೇಳಿದಳು. ಮದುವೆಯಾದಾಗಿನಿಂದ ಅಪ್ಪನ ಹತ್ತಿರ ಅವ್ವ ಹೂಡಿದ ಮೊದಲ ಆಟ ಅದು. ಅಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಖಾಲಾ ಮಲಾರ ಹೊತ್ತು ಹೊರಟಾಗ, ತಲೆ ಎತ್ತದೆ ಹೇಳಿದನಂತೆ: "ಟಿವಿದಾಕಿ ಮನಿಗೆ ಹೋಗಾಕ ನಾನ್ಯಾಕ ಬ್ಯಾಡನ್ಲಿ. ಆದ್ರ ಬರಿಗೈಲೆ ಹೋಗಬ್ಯಾಡ. ಟಿವಿದಾಕಿ ಆದ್ರೂ ಬಸುರಿ."

ಶುಕ್ರವಾರ ಖಾಲಾ ಪಡಸಾಲೆಯಲ್ಲಿ ಕುರ್ಚಿಗೆ ಮಾವಿನ ತೋರಣ ಕಟ್ಟಿದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಟಿವಿ, ಅದಕ್ಕೊಂದು ಮಲ್ಲಿಗೆಯ ಮಾಲೆ. ಮಧ್ಯಾಹ್ನ ಹಿಂದಿನ ದಿನದ ಕಂತು ಮತ್ತೆ ಬರುತ್ತಿತ್ತು, ಆ ಹೊತ್ತಿಗೇ ಮುಹೂರ್ತ. ಸರಿಯಾಗಿ ಆಗಲೇ ಕರೆಂಟು ಹೋಗಿ ಟಿವಿ ಕಪ್ಪಾಯಿತು. ಹೆಂಗಸರು ಗೊಳ್ಳೆಂದರು. "ಏನಾಗಂಗಿಲ್ಲ. ಹುಡುಗಿ ದೃಷ್ಟಿ ಆಗಬಾರದಂತ ಮಕ ಮುಚ್ಕೊಂಡಾಳ. ನಡಸ್ರಿ ನೀವು. ಶಾಸ್ತ್ರ ನಿಮ್ದು, ಬಳಿ ನಂದು" ಎಂದರು ಖಾಲಾ. ನಾನು ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಬರುತ್ತಾಳೆ ಎಂದು ಯಾರೂ ನನಗೆ ಹೇಳಿರಲಿಲ್ಲ, ಬರುವುದಿಲ್ಲ ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ.

ಅವ್ವ ಬಂದಳು. ಹೊಸ್ತಿಲ ಹೊರಗೆ ನಿಂತು, ಕೈಯಲ್ಲಿ ಚೀಲ ಹಿಡಿದು, "ಟಿವಿ ಹುಡುಗಿ ಕುಬಸ ಇದ ಮನ್ಯಾಗೇನ್ರಿ?" ಎಂದು ಕೇಳಿದಳು. ನನ್ನನ್ನು ನೋಡುತ್ತಲೇ ಕೇಳಿದಳು.

"ಇಲ್ಲೆ ಐತಿ, ಬರ್ರಿ, ಬರ್ರಿ" ಎಂದು ಖಾಲಾ ಕೈ ಹಿಡಿದು ಒಳಗೆ ತಂದರು.

ಚೀಲದಲ್ಲಿ ಹಸಿರು ಸೀರೆ ಇತ್ತು, ಹೊಲಿಸಿದ ಹಸಿರು ಕುಪ್ಪಸ ಇತ್ತು. ಕುಪ್ಪಸ ನನ್ನ ಅಳತೆಗೆ ಸರಿಯಾಗಿತ್ತು, ಬಗಲಲ್ಲಿ ಬಿಚ್ಚಿಕೊಳ್ಳಲು ಬಟ್ಟೆಯನ್ನೂ ಬಿಟ್ಟಿದ್ದಳು. ಉಟ್ಟು ಬಂದು ಕೂತೆ. ಅವ್ವ ಉಡಿ ತುಂಬಿದಳು. ಗಂಡನ ಮಾತು ಅವಳಿಗೆ ದೊಡ್ಡದು, ನನ್ನ ಹೆಸರು ಹಿಡಿದು ಕರೆಯಲಿಲ್ಲ.

"ನಿಮ್ಮ ಮನ್ಯಾಗ ಹೊಟ್ಟಿ ತುಂಬ ಊಟ ಹಾಕ್ತಾರೇನವ್ವ?" ಎಂದು ಕೇಳಿದಳು.

"ಹಾಕ್ತಾರ್ರಿ" ಎಂದೆ. ಹುಟ್ಟಿದಾಗಿನಿಂದ ಅವ್ವನಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

"ಖಾರ ಕಡಿಮಿ ತಿನ್ನು. ನನಗೂ ನಿನ್ನಂಗ ಒಬ್ಬಾಕಿ ಮಗಳದಾಳ. ಖಾರ ಅಂದ್ರ ಜೀವ ಬಿಡ್ತಾಳ" ಎಂದಳು. ಖಾಲಾ ನಡುವೆ ಬಂದು ನನ್ನ ಕೈ ತೆಗೆದುಕೊಂಡು ಹಸಿರು ಬಳೆ ಇಡಿಸತೊಡಗಿದರು. ಅವತ್ತು ಅವರು ಕಥೆ ಹೇಳಲಿಲ್ಲ. ನನ್ನ ಕೈಯಲ್ಲಿ ಬಿಗಿಯೇ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು, ಯಾರಾದರೂ ಕೇಳಿದರೆ ಟಿವಿ ಹುಡುಗಿಯ ಸಲುವಾಗಿ ಎಂದು ಹೇಳಲು ಎಲ್ಲರಿಗೂ ಅನುಕೂಲವಿತ್ತು. ನನಗಂತೂ ಅಷ್ಟು ಸಂತೋಷದ ದಿನ ಅದಕ್ಕೆ ಮೊದಲು ಬಂದಿರಲಿಲ್ಲ. ಊಟಕ್ಕೆ ಕೂತಾಗ ಅವ್ವ ತನ್ನ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದಳು.

ಅಲ್ಲಿಂದ ಮುಂದೆ ಕೊಳಗಲ್ಲಿನ ಮನೆಯಲ್ಲಿ ಹೊಸದೊಂದು ರೂಢಿ ಬೆಳೆಯಿತು. ಅಪ್ಪ ಸಂಜೆ ಹೊಲದಿಂದ ಬಂದು ಕಾಲು ತೊಳೆದುಕೊಂಡು, "ಟಿವಿ ಹುಡುಗಿ ಹೆಂಗದಾಳಂತ?" ಎಂದು ಕೇಳುವನು. ಅವರ ಮನೆಯಲ್ಲಿ ಟಿವಿಯೇ ಇರಲಿಲ್ಲ. ಅವ್ವ, "ಕಾಲು ಬಾತಾವಂತ" ಎನ್ನುವಳು. "ಉಪ್ಪು ಕಡಿಮಿ ತಿನ್ನಂತ ಹೇಳಾಕ ಯಾರೂ ಇಲ್ಲೇನು ಆ ಸೀರಿಯಲ್ನ್ಯಾಗ?" ಎಂದು ಅಪ್ಪ ರೇಗುವನು. ಉಪ್ಪಿನ ಮಾತು ಖಾಲಾ ಅವರ ಮಲಾರದ ಜೊತೆಗೆ ಬಳ್ಳಾರಿಗೆ ಬರುತ್ತಿತ್ತು. "ಕೊಳಗಲ್ಲಿನ ಒಬ್ರು ಹಿರೇರು ಹೇಳ್ಯಾರ" ಎಂದು ಖಾಲಾ ನನ್ನ ತಟ್ಟೆಯ ಉಪ್ಪಿನಕಾಯಿ ಎತ್ತಿಡುವರು.

ನನಗೆ ಹೆಣ್ಣು ಹುಟ್ಟಿತು. ಖಾಲಾ ಮರುದಿನವೇ ಕೊಳಗಲ್ಲಿಗೆ ಹೋಗಿ ಕಟ್ಟೆಯ ಮುಂದೆ ನಿಂತು ಕೂಗಿದರು, "ಟಿವಿ ಹುಡುಗಿ ಹಡದ್ಳು ನೋಡ್ರವ್ವ! ಹೆಣ್ಣು! ಇಬ್ರೂ ಗಟ್ಟಿ ಅದಾರ!" ಎದುರು ಮನೆಯವರಲ್ಲಿ ಟಿವಿ ಇತ್ತು. "ಎಲ್ಲಿ ಹಡದ್ಳು ಖಾಲಾ? ನಿನ್ನಿ ನೋಡೀನಿ, ಇನ್ನಾ ಬಸುರಿ ಅದಾಳಲ್ಲ" ಎಂದಳು ಆ ಮನೆಯಾಕೆ. "ನಮ್ಮ ಬಳ್ಳಾರ್ಯಾಗ ಎಲ್ಲಾ ಒಂದಿನ ಮೊದ್ಲ ಬರ್ತೈತಿ" ಎಂದರು ಖಾಲಾ, ಕಣ್ಣು ಮಿಟುಕಿಸದೆ. ಅಪ್ಪ ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಒಡೆದು ಕಟ್ಟೆಯ ಮೇಲಿದ್ದವರ ಕೈಗೆಲ್ಲ ಚೂರು ಚೂರು ಹಂಚಿದ. ಯಾಕೆ ಎಂದು ಕೇಳಿದವರಿಗೆ, "ಬೆಲ್ಲಕ್ಕ ಇರಿವಿ ಹತ್ತಾಕ ಹತ್ತಿದ್ವು" ಎಂದನಂತೆ.

ಇಷ್ಟಾದರೂ ಅಪ್ಪ ಬರಲಿಲ್ಲ. ಅವ್ವ "ಟಿವಿ ಹುಡುಗಿ ಕೂಸು ನೋಡಿಕೊಂಡು ಬರ್ತೀನಿ" ಎಂದು ಆಗಾಗ ಬಂದು ಹೋಗುವಳು. ನನಗೆ ಅಷ್ಟಕ್ಕೇ ಸಮಾಧಾನವಿತ್ತೆಂದರೆ ಸುಳ್ಳಾದೀತು. ಮಗಳಿಗೆ ಎಣ್ಣೆ ಹಚ್ಚಿ ಕಾಲು ನೀವುವಾಗ ಆ ಕಾಲ್ಬೆರಳು ಥೇಟ್ ಅಪ್ಪನವೇ ಎಂದು ಕಾಣುತ್ತಿತ್ತು, ತೋರಿಸಲು ಅಪ್ಪ ಇರಲಿಲ್ಲ. ಖಾಲಾ ಹತ್ತಿರ ಒಮ್ಮೆ ಹೇಳಿಯೂಬಿಟ್ಟೆ. ಅವರು ಯಾವ ಉಪಾಯವನ್ನೂ ಹೇಳಲಿಲ್ಲ. "ಗಂಡಸರಿಗೆ ಬಾಗ್ಲ ತೆಗೆದಿಟ್ರೂ ಬರಾಕ ಬರಂಗಿಲ್ಲ ಬೇಟಿ. ಅವರು ತಾವ ಒಂದು ನೆವ ಹುಡುಕ್ಕೋಬೇಕು" ಎಂದು ಕೂಸನ್ನು ಎತ್ತಿಕೊಂಡರು.

ಒಂದು ಮಧ್ಯಾಹ್ನ ಖಾಲಾ ನಮ್ಮ ಮನೆಯಲ್ಲಿ ಕೂತು ಮಗಳ ಕೈಗೆ ಕರಿ ಬಳೆ ಇಡಿಸುತ್ತಿದ್ದರು. ಬಾಗಿಲು ಕತ್ತಲಾಯಿತು. ತಲೆ ಎತ್ತಿದರೆ ಅಪ್ಪ. ಹಿಂದೆ ಅವ್ವ. ಅಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಹಿಂಡುತ್ತಿದ್ದ. ಅಪ್ಪ ನನ್ನನ್ನು ನೋಡಲಿಲ್ಲ, ಖಾಲಾ ಕಡೆ ತಿರುಗಿ ಮಾತಾಡಿದ.

"ಆ ಸೀರಿಯಲ್ಲು ಮುಗೀತಂತಲ್ರಿ. ನಮ್ಮಾಕಿ ಹೇಳಿದ್ಳು. ಇನ್ನ ಆ ಹುಡುಗಿ ಸುದ್ದಿ ಯಾರ್ನ ಕೇಳ್ಲಿ ನಾನು? ಅದಕ್ಕ... ನಾನ ಬಂದೆ."

ಸೀರಿಯಲ್ಲು ಎಲ್ಲಿ ಮುಗಿದಿತ್ತು! ಹಿಂದಿನ ಸಂಜೆಯಷ್ಟೇ ನಾವೆಲ್ಲ ಕೂತು ನೋಡಿದ್ದೆವು. ತಮ್ಮ ಸೀರಿಯಲ್ಲಿನ ಬಗ್ಗೆ ಇಂಥ ಮಾತು ಕೇಳಿ ಖಾಲಾ ಸುಮ್ಮನಿರುವವರೇ? "ಯಾರ್ರೀ ಹೇಳಿದ್ದು, ಮುಗಿ..." ಎಂದು ಬಾಯಿ ತೆರೆದೇಬಿಟ್ಟರು. ಅಪ್ಪನ ಬೆನ್ನ ಹಿಂದೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ಖಾಲಾ ಒಂದು ಗಳಿಗೆ ಅವ್ವನನ್ನು ನೋಡಿದರು. ಕೂಸಿನ ಕೈ ಬಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಹೌದ್ರಿ ಅಣ್ಣಾ, ಮುಗೀತು" ಎಂದರು. "ಒಳಗ ಬರ್ರಿ. ನಿಮ್ಮ ಮಗಳು ಚಾ ಮಾಡ್ತಾಳ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.